ಮೂರು ಗುರುತು ಕೂಡಿದರೆ ಮಾತ್ರ ಒಲೆಗೆ: ಬೆಂಗಳೂರಿನ ಹುತ್ತದ ಅಣಬೆ, ನನ್ನ ಅನುಭವ

ಸ್ಪೋರ್ ಪ್ರಿಂಟ್, ಅಂದರೆ ಅಣಬೆಯ ಕೊಡೆ ಮಗುಚಿಟ್ಟಾಗ ಉದುರುವ ಬೀಜದಂಥ ಪುಡಿಯ ಅಚ್ಚು, ತೆಗೆಯುವಷ್ಟರಲ್ಲಿ ಅಣಬೆಗೆ ಹುಳ ಬಿದ್ದಿರುತ್ತದೆ, ಅದೆಲ್ಲ ಕಾಲೇಜಿನವರಿಗೆ ಸರಿ, ಅಡುಗೆಮನೆಗೆ ಆಗುವ ಕೆಲಸವಲ್ಲ. ಇದನ್ನು ನನಗೆ ಹೇಳದವರಿಲ್ಲ. ಈಗ ಕೆಲವು ಮಳೆಗಾಲಗಳಿಂದ ನಮ್ಮ ಮನೆಯಲ್ಲಿ ಪ್ರಿಂಟ್ ನೋಡದೆ ಒಂದೇ ಒಂದು ಕಾಡಣಬೆಯೂ ಬಾಣಲೆಗೆ ಬಿದ್ದಿಲ್ಲ. ಬೆಳಿಗ್ಗೆ ಕಿತ್ತದ್ದು ರಾತ್ರಿ ಊಟಕ್ಕೆ ಸಾರಾಗುತ್ತದೆ. ಯಾರಿಗೂ ಹೊಟ್ಟೆ ಕೆಟ್ಟಿಲ್ಲ. ಆಗ ತಲೆ ಅಲ್ಲಾಡಿಸಿದವರಲ್ಲಿ ಇಬ್ಬರು ಮೂವರು ಈಗ ಇದೇ ದಾರಿ ಹಿಡಿದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ತಿನ್ನುವುದು ಹುತ್ತದ ಅಣಬೆ, ಅಂದರೆ ಟರ್ಮಿಟೋಮೈಸಿಸ್, ಒಂದನ್ನೇ. ಅದರಲ್ಲೂ ಉದ್ದ ಬೇರಿನ ದೊಡ್ಡವು ಮಾತ್ರ. ಹುತ್ತದ ಸುತ್ತ ನೂರಾರು ಒಟ್ಟಿಗೆ ಏಳುವ ಪುಟ್ಟವೂ ಇದೇ ಕುಲದವು, ರುಚಿಯೂ ಚೆನ್ನ. ಆದರೆ ಅವಕ್ಕೆ ಉದ್ದ ಬೇರಿಲ್ಲ. ನನ್ನ ಲೆಕ್ಕದಲ್ಲಿ ಒಂದು ಗುರುತು ಕಡಿಮೆಯಾಯಿತು, ಬಿಟ್ಟೆ. ಕೊಡೆಯ ನೆತ್ತಿಯಲ್ಲಿ ಗಟ್ಟಿ ಮೊನೆ ಇರಬೇಕು. ಕಾಂಡ ಮಣ್ಣೊಳಗೆ ಬೇರಿನಂತೆ ಸಣ್ಣಗಾಗುತ್ತಾ ಗೆದ್ದಲಿನ ಗೂಡಿನ ಕಡೆ ಇಳಿದಿರಬೇಕು, ಬುಡದಲ್ಲಿ ಚೀಲದ ಸುಳಿವೂ ಇರಬಾರದು. ಪ್ರಿಂಟ್ ನಸುಗುಲಾಬಿ ಬರಬೇಕು. ಮೂರಕ್ಕೆ ಮೂರೂ ಕೂಡಬೇಕು. ಎರಡು ಕೂಡಿದರೆ ಅದು ಗೊಬ್ಬರದ ಗುಂಡಿಗೆ. ಬರೀ ಗುಲಾಬಿ ಪ್ರಿಂಟ್ ನಂಬಿದರೆ ಕೆಟ್ಟೆವು, ಎಂಟೊಲೋಮಾ ಎನ್ನುವ ಇನ್ನೊಂದು ಕುಲದಲ್ಲಿ ವಿಷದವೂ ಇವೆ, ಅವುಗಳ ಪ್ರಿಂಟೂ ಗುಲಾಬಿಯೇ.

ಅಣಬೆಯನ್ನು ಎಳೆದು ಕೀಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನೋಡಬೇಕಾದ್ದೇ ಮಣ್ಣಿನಲ್ಲಿ ಉಳಿದುಬಿಡುತ್ತದೆ. ಕೊಲ್ಲುವ ಅಣಬೆಗಳಿರುವ ಕುಲ ಅಮಾನಿಟಾ, ಅದರ ಬುಡದ ಚೀಲವೂ ಮಣ್ಣೊಳಗೇ ಇರುತ್ತದೆ. ನಾನು ಪ್ರತಿ ಗುಂಪಿನಲ್ಲಿ ಒಂದನ್ನು ಕುರುಪಿಯಿಂದ ಪಕ್ಕದ ಮಣ್ಣು ಬಿಡಿಸಿ, ಬೇರು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತೇನೆ. ಒಂದು ಗೇಣು, ಕೆಲವು ಸಲ ಮೊಳ. ಗೂಡಿನ ಹತ್ತಿರ ಬಂತು ಅನ್ನಿಸಿದ ಕೂಡಲೇ ನಿಲ್ಲಿಸುತ್ತೇನೆ. ಗೂಡು ಒಡೆದರೆ ಮುಂದಿನ ವರ್ಷ ಅಲ್ಲಿ ಏನು ಏಳುತ್ತದೆ? ಉಳಿದವನ್ನು ಒಂದೊಂದಾಗಿ ಬುಡದ ತನಕ ನೋಡಿಯೇ ಚೀಲಕ್ಕೆ ಹಾಕುತ್ತೇನೆ. ಒಂದು ಗುಂಪಿನಲ್ಲಿ ಇನ್ನೊಂದು ಜಾತಿ ಸೇರಿಕೊಳ್ಳುವುದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ.

ಈಗ ಪ್ರಿಂಟ್ ವಿಷಯ. ಜಾಸ್ತಿ ಕಾಲ ಹಾಳಾದದ್ದು ಇಲ್ಲೇ. ಬಿಳಿ ಹಾಳೆಯ ಮೇಲೆ ಇಟ್ಟರೆ ನಸುಗುಲಾಬಿ ಕಾಣಿಸುವುದೇ ಇಲ್ಲ. ಕಪ್ಪು ಹಾಳೆಯ ಮೇಲೆ ಇಟ್ಟರೆ ಗುಲಾಬಿಯೂ ಬಿಳಿಯೂ ಒಂದೇ ಥರ. ಅಮಾನಿಟಾದ ಪ್ರಿಂಟ್ ಬಿಳಿ, ಇಲ್ಲಿ ಆ ವ್ಯತ್ಯಾಸವೇ ಜೀವ ಉಳಿಸುವುದು! ಮಳೆಯಲ್ಲಿ ನೆನೆದ ಕೊಡೆ ಹಾಳೆಯನ್ನೇ ಒದ್ದೆ ಮಾಡಿತು. ಫ್ಯಾನ್ ಗಾಳಿಗೆ ಸ್ಪೋರ್ ಎಲ್ಲಾ ಹಾರಿಹೋಯಿತು. ಇರುವೆ ಮುತ್ತಿದ್ದೂ ಉಂಟು. ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರೆ ಕೊಡೆಯೊಳಗಿಂದ ಹುಳ ಹರಿದು ಪ್ರಿಂಟ್ ಮೇಲೆಲ್ಲಾ ಗೀರು. ಮೊಗ್ಗು ಕೊಡೆ ಇಟ್ಟರೆ ಏನೂ ಬೀಳಲಿಲ್ಲ, ಅದು ಬೀಳಿಸುವುದೂ ಇಲ್ಲ.

ಕೊನೆಗೆ ಕೆಲಸ ಮಾಡಿದ್ದು ಗಾಜು. ಹಳೇ ಫೋಟೋ ಫ್ರೇಮಿನದು. ಪೂರ್ತಿ ಅರಳಿದ ಒಂದು ಕೊಡೆ ಮಾತ್ರ ಇದಕ್ಕೆ ಬಲಿ. ಉಳಿದ ಮೊಗ್ಗು, ಅರೆಬಿರಿದವು ನ್ಯೂಸ್ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿಗೆ. ಕೊಡೆಯನ್ನು ಗಾಜಿನ ಮೇಲೆ ಮಗುಚಿ, ಮೇಲೊಂದು ಬಟ್ಟಲು ಮುಚ್ಚುತ್ತೇನೆ. ನಾಲ್ಕೈದು ಗಂಟೆಗೆ ಬೇಕಾದಷ್ಟು ಬಿದ್ದಿರುತ್ತದೆ. ಬೇರೆಯವರಿಗೆ ಯಾಕೆ ಇಡೀ ರಾತ್ರಿ ಬೇಕು, ನನಗೆ ಯಾಕೆ ಬೇಡ ಎನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಮುಖ್ಯವಾದದ್ದು ಮುಂದಿನದು. ಬಿದ್ದ ಪುಡಿಯನ್ನು ಬ್ಲೇಡಿನಿಂದ ಕೆರೆದು ಒಂದು ಕಡೆ ಗುಡ್ಡೆ ಮಾಡಿ, ಗಾಜಿನ ಕೆಳಗೆ ಬಿಳಿ ಹಾಳೆ ಇಟ್ಟು ಕಿಟಕಿ ಬೆಳಕಿನಲ್ಲಿ ನೋಡಬೇಕು. ತೆಳುವಾಗಿ ಹರಡಿದಾಗ ಕಾಣದ ಬಣ್ಣ ಗುಡ್ಡೆಯಲ್ಲಿ ಎದ್ದು ಕಾಣುತ್ತದೆ. ಹಳದಿ ಎಲ್‌ಇಡಿ ಬಲ್ಬಿನ ಕೆಳಗೆ ಮಾತ್ರ ನೋಡಬೇಡಿ. ಬಿಳಿಯೂ ಅಲ್ಲಿ ಬಣ್ಣದ ಹಾಗೆ ಕಾಣುತ್ತದೆ.

ನಾನು ಆರಿಸುವುದು ಕನಕಪುರ ರಸ್ತೆ ಕಡೆಯ ಒಂದೆರಡು ಮಾವಿನ ತೋಪುಗಳಲ್ಲಿ, ಯಜಮಾನರ ಒಪ್ಪಿಗೆ ಕೇಳಿ. ಯಾವ ತೋಪು, ಯಾವ ಹುತ್ತ ಎಂದು ಕೇಳಬೇಡಿ. ತುರಹಳ್ಳಿ, ಬನ್ನೇರುಘಟ್ಟದ ಕಾಡಿನಲ್ಲಿ ಕೀಳುವುದು ಕಾನೂನಿಗೆ ವಿರುದ್ಧ, ಅಲ್ಲಿಗೆ ಹೋಗುವುದಿಲ್ಲ. ಬೆಳ್ಳಂದೂರಿನಂಥ ಕೆರೆಗಳ ದಂಡೆಯದು ಪುಕ್ಕಟೆ ಕೊಟ್ಟರೂ ಬೇಡ, ಅಣಬೆ ಮಣ್ಣಿನ ಸೀಸ, ಕ್ಯಾಡ್ಮಿಯಂ ಹೀರಿಕೊಳ್ಳುತ್ತದೆ.

ತೋಪಿನ ಯಜಮಾನರ ತಾಯಿ ಮೊದಲು ನನ್ನ ಗಾಜು ನೋಡಿ, "ಏನಪ್ಪಾ ಇದು, ನಾವು ಹುಟ್ಟಿದಾಗಿಂದ ತಿಂತಾ ಇದೀವಿ, ಯಾವತ್ತೂ ಗಾಜಿನ ಮೇಲೆ ಇಟ್ಟು ನೋಡಿಲ್ಲ" ಅಂದರು. "ನಿಮಗೆ ಬೇಡ ಅಜ್ಜಿ, ನಿಮ್ಮ ಕಣ್ಣಿಗೆ ಈ ನೆಲ ಗೊತ್ತು. ನನಗೆ ಬೇಕು" ಅಂದೆ. ಇದು ಮರ್ಯಾದೆಗೆ ಆಡಿದ ಮಾತಲ್ಲ. ಅಜ್ಜಿಯ ತಿಳುವಳಿಕೆ ಆ ನೆಲದ್ದು. ಅದನ್ನೇ ಹೊತ್ತುಕೊಂಡು ಬೇರೆ ಊರಿಗೆ ಹೋದವರು, ಅಲ್ಲಿ ಅದೇ ಥರ ಕಾಣುವ ಇನ್ನೊಂದನ್ನು ಕಿತ್ತು ತಿಂದು ಸತ್ತ ಉದಾಹರಣೆಗಳು ಎಷ್ಟೋ ದೇಶಗಳಲ್ಲಿವೆ. ಬೆಂಗಳೂರಿನಲ್ಲಿ ನಮ್ಮಲ್ಲಿ ಬಹಳ ಜನ ಬೇರೆ ಊರಿನಿಂದಲೇ ಬಂದವರು, ಅಲ್ವಾ? ಮಲೆನಾಡಿನ ಕಣ್ಣಿನಿಂದ ಇಲ್ಲಿನ ಹುಲ್ಲುಹಾಸನ್ನು ನೋಡಬೇಡಿ.

ಹುಲ್ಲುಹಾಸು ಅಂದೆ. ಅಪಾರ್ಟ್‌ಮೆಂಟುಗಳ ಲಾನ್‌ನಲ್ಲಿ ಒಳ್ಳೆ ಮಳೆ ಬಿದ್ದ ಮೇಲೆ ತಟ್ಟೆಯಗಲ ಬಿಳಿ ಕೊಡೆಗಳು ಏಳುತ್ತವಲ್ಲ, ಮೇಲೆ ಕಂದು ಚಕ್ಕೆ, ಕಾಂಡಕ್ಕೆ ಉಂಗುರ? ಅದು ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್. ನೋಡಲು ಬಹಳ ಚಂದ. ಎಳೆಯದರಲ್ಲಿ ಕೊಡೆಯಡಿಯ ಪದರವೂ ಬಿಳಿ, ಅಲ್ಲೇ ಜನ ಮೋಸ ಹೋಗುತ್ತಾರೆ. ಪ್ರಿಂಟ್ ಮಾತ್ರ ಮಾಸಲು ಹಸಿರು. ಒಂದು ಸಲ ಕಂಡರೆ ಮರೆಯುವುದಿಲ್ಲ. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ ಶುರು.

ವಿಷದ ಅಣಬೆಯ ಜೊತೆ ಕುದಿಸಿದರೆ ಬೆಳ್ಳಿ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ಬದಲಿಸುತ್ತದೆ ಅಂತಾರಲ್ಲ, ಈ ವಿಷದ ಅಣಬೆಯನ್ನೇ ಇಟ್ಟುಕೊಂಡು ಆ ಬೆಳ್ಳಿ ಕಾಸಿನ ಪರೀಕ್ಷೆಯನ್ನೂ ಮಾಡಿ ನೋಡಿದೆ. ಹಳೇ ಪಾತ್ರೆಯಲ್ಲಿ ಅಣಬೆ, ಸುಲಿದ ಬೆಳ್ಳುಳ್ಳಿ, ಬೆಳ್ಳಿ ಕಾಸು ಹಾಕಿ ಅರ್ಧ ಗಂಟೆ ಕುದಿಸಿದೆ. ಕಾಸು ಕಪ್ಪಾಗಲಿಲ್ಲ, ಬೆಳ್ಳುಳ್ಳಿಯೂ ಬಣ್ಣ ಬದಲಿಸಲಿಲ್ಲ. ಪಾತ್ರೆ ಬಿಸಾಕಿದೆ. ಹುಳ ತಿಂದಿದ್ದರೆ ನಾವೂ ತಿನ್ನಬಹುದು ಎನ್ನುವುದೂ ಇದೇ ಜಾತಿಯ ಮಾತು. ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ ಎನ್ನುವುದು ಎಲ್ಲಕ್ಕಿಂತ ಕೆಟ್ಟದ್ದು. ಕೊಲ್ಲುವ ಅಮಾನಿಟಾಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ಆರು ಗಂಟೆ, ಹನ್ನೆರಡು ಗಂಟೆ, ಇನ್ನೂ ತಡವಾಗಿ ವಾಂತಿ ಶುರುವಾಗಿ, ನಡುವೆ ಒಂದು ದಿನ ವಾಸಿಯಾದಂತೆ ಕಂಡು, ಆಮೇಲೆ ಲಿವರ್ ಕೈಕೊಡುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಂನಲ್ಲಿ ಕಾಡಣಬೆ ತಿಂದು ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಹೆಚ್ಚಿನವರು ಚಹಾ ತೋಟದ ಬಡವರು.

ದುಡ್ಡಿನ ಲೆಕ್ಕ ಕೇಳುವವರಿಗೆ: ಸೆಕೆಂಡ್‌ಹ್ಯಾಂಡ್ ಮೈಕ್ರೋಸ್ಕೋಪಿಗೆ ಆರೇಳು ಸಾವಿರ ಸುರಿದೆ, ಈಗ ಅದು ಕಪಾಟಿನಲ್ಲಿದೆ. ಒಣಗಿಸುವ ಯಂತ್ರಕ್ಕೆ ಐದು ಸಾವಿರದ ಹತ್ತಿರ, ಅದು ದುಡಿಯುತ್ತಿದೆ. ಮೇ ತಿಂಗಳಲ್ಲಿ ಸಿಕ್ಕಿದ್ದು ಟೆರೇಸಿನಲ್ಲೇ ಒಣಗುತ್ತದೆ, ಸೆಪ್ಟೆಂಬರಿನದು ಯಂತ್ರವಿಲ್ಲದೆ ಬೂಸ್ಟು ಹಿಡಿಯುತ್ತದೆ. ಗಾಜಿಗೆ ಮೂವತ್ತು ರೂಪಾಯಿಯೂ ಆಗಲಿಲ್ಲ. ಹೋದ ವರ್ಷ ಎಂಟು ಹತ್ತು ಕೆಜಿ ಸಿಕ್ಕಿರಬಹುದು, ಪೆಟ್ರೋಲಿಗೇ ಮೂರು ಸಾವಿರ ದಾಟಿತು. ಒಬ್ಬ ಹೋಟೆಲಿನವರು ಕೆಜಿಗೆ ಸಾವಿರದ ಮೇಲೆ ಕೊಡುತ್ತೇನೆ ಅಂದರು, ಕೊಡಲಿಲ್ಲ. ನಾನು ನೋಡಿದ್ದನ್ನು ನನ್ನ ಮನೆಯವರು ತಿನ್ನಲಿ, ಊರಿಗೆ ಹಂಚುವಷ್ಟು ಧೈರ್ಯ ನನಗೆ ಬೇಡ.

ಮನೆಯಲ್ಲೇ ಬೆಳೆಸುವ ಹುಚ್ಚೂ ಹತ್ತಿತ್ತು. ಹುತ್ತದ ಅಣಬೆಯ ಕೊಡೆ ತೊಳೆದ ನೀರನ್ನು ಮರದಪುಡಿ ಚೀಲಗಳಿಗೆ ಹಾಕಿದೆ. ಬಂದದ್ದು ಹಸಿರು ಬೂಸ್ಟು ಮಾತ್ರ. ಗೆದ್ದಲು ಜಗಿದು ಕಟ್ಟಿ ಕಾಪಾಡುವ ಗೂಡಿನಲ್ಲಿ ಬಾಳುವ ಅಣಬೆ ಅದು, ನಮ್ಮ ಚೀಲಕ್ಕೆ ಬಗ್ಗುವುದಿಲ್ಲ. ಅದೇ ಚೀಲಕ್ಕೆ ಬತ್ತದ ಹುಲ್ಲು ತುಂಬಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನಿಂದ ಹಾಲು ಅಣಬೆಯ ಬೀಜ ತಂದು ಹಾಕಿದೆ. ಬೇಸಿಗೆಯಲ್ಲಿ ಚೆನ್ನಾಗಿ ಬಂತು. ಕಾಡಿನದು ಸಿಗದ ತಿಂಗಳಲ್ಲಿ ಅದೇ ಗತಿ.

ಈಗ ದಿನಾ ಯಾರಾದರೂ ಫೋಟೋ ಕಳಿಸಿ "ಸಾರ್, ಇದು ತಿನ್ನಬಹುದಾ?" ಅಂತಾರೆ. ಫೋಟೋ ನೋಡಿ ನಾನು ಯಾರಿಗೂ ತಿನ್ನಿ ಅನ್ನುವುದಿಲ್ಲ. ಗಾಜಿನ ಮೇಲಿನ ಗುಡ್ಡೆ, ಅಗೆದ ಬೇರು, ಮೊನೆಯಿರುವ ಕೊಡೆ ಮನೆಗೇ ತನ್ನಿ, ಕೂತು ನೋಡೋಣ ಅನ್ನುತ್ತೇನೆ. ಮೂರೂ ಕೂಡಿದ ಮೇಲೂ ಮೊದಲ ಸಲ ಮನೆಯಲ್ಲಿ ಒಬ್ಬರೇ ಎರಡು ಚಮಚ ತಿನ್ನಿ, ಚೆನ್ನಾಗಿ ಬೇಯಿಸಿ. ಮಕ್ಕಳಿಗೆ ಬೇಡ. ಬೇಯಿಸದ ಒಂದು ಇಡೀ ಅಣಬೆಯನ್ನು ಬುಡಸಮೇತ ಪೇಪರಿನಲ್ಲಿ ಸುತ್ತಿ ಮೂರು ದಿನ ಫ್ರಿಜ್ಜಿನಲ್ಲಿಡಿ. ಹೊಟ್ಟೆ ಸ್ವಲ್ಪ ಕೆಟ್ಟರೂ ಅದನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ, ತಿಂದು ಎಷ್ಟು ಗಂಟೆಯಾಯಿತು ಎಂದು ಡಾಕ್ಟರಿಗೆ ಮೊದಲು ಹೇಳಿ.