ಬೆಟ್ಟು, ಮಜಲು, ಬೈಲು: ನಾನು ಮಣ್ಣು ಓದಿದ ದಾರಿ

ಮಣ್ಣು ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡೋದು ಹೇಗೆ ಅಂತ ಉಡುಪಿ ಕಡೆಯ ಹುಡುಗರು ಆಗಾಗ ಕೇಳುತ್ತಾರೆ. ಮೊದಲು ನಿಮ್ಮ ಡಿಗ್ರಿ ನೋಡಿಕೊಳ್ಳಿ. ಕೃಷಿ ವಿಶ್ವವಿದ್ಯಾಲಯದ ಸೀಟಿಗೆ ಸಾಮಾನ್ಯವಾಗಿ ಬಿ.ಎಸ್ಸಿ. ಅಗ್ರಿ ಆಗಿರಬೇಕು. ನಾನು ಬ್ರಹ್ಮಾವರದ ಕಡೆಯವನು, ಅಗ್ರಿ ಮುಗಿಸಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಸೇರಿದೆ. ಧಾರವಾಡ, ಶಿವಮೊಗ್ಗದಲ್ಲೂ ಓದಬಹುದು. ಹೊರ ರಾಜ್ಯಕ್ಕೆ ಹೋಗುವ ಮನಸ್ಸಿದ್ದರೆ ಐಸಿಎಆರ್ (ಭಾರತೀಯ ಕೃಷಿ ಅನುಸಂಧಾನ ಪರಿಷತ್ತು) ಪಿಜಿ ಪ್ರವೇಶ ಪರೀಕ್ಷೆ ಬರೆಯಿರಿ. ಜಿಯಾಲಜಿ, ಭೂಗೋಳ ಓದಿದವರು ರಿಮೋಟ್ ಸೆನ್ಸಿಂಗ್ (ಉಪಗ್ರಹ ಚಿತ್ರದಿಂದ ನೆಲ ಓದುವುದು), ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು) ಕಲಿತು ಮ್ಯಾಪಿಂಗ್ ಕಡೆಯಿಂದ ಒಳಗೆ ಬರಬಹುದು. ಇದನ್ನು ಕಲಿಸುವ ಇಸ್ರೋ ಸಂಸ್ಥೆ, ಡೆಹ್ರಾಡೂನಿನ ಐಐಆರ್‌ಎಸ್ ಆನ್‌ಲೈನಿನಲ್ಲಿ ಉಚಿತ ಕೋರ್ಸ್ ನಡೆಸುತ್ತದೆ. ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರಿಗೂ ದುಡ್ಡು ಕೊಡಬೇಕಾಗಿಲ್ಲ.

ಸೀಟಿಗಿಂತ ಮುಖ್ಯವಾದದ್ದು ಸಂಶೋಧನೆಯ ಪ್ರಶ್ನೆ. ನಾನು ಅದನ್ನು ಊರಿನಿಂದಲೇ ಎತ್ತಿಕೊಂಡೆ. ನಮ್ಮಲ್ಲಿ ಗದ್ದೆಗೆ ಮೂರು ಜಾತಿ ಉಂಟಲ್ವಾ? ಮೇಲಿನ ಬೆಟ್ಟು ಮಳೆಗಾಲದ ಒಂದು ಬೆಳೆಗೆ, ನಡುವಿನ ಮಜಲು ಎರಡಕ್ಕೆ, ಕೆಳಗಿನ ಬೈಲಿನಲ್ಲಿ ನೀರಿದ್ದರೆ ಏಣೆಲು (ಮಳೆಗಾಲ), ಸುಗ್ಗಿ (ಚಳಿಗಾಲ), ಕೊಳಕೆ (ಬೇಸಿಗೆ) ಮೂರೂ ಬೆಳೆ. ಇಳಿಜಾರು ಮತ್ತು ನೀರಿನ ಮಟ್ಟ ಬದಲಾದ ಹಾಗೆ ಮಣ್ಣು ಬದಲಾಗುತ್ತದೆ. ಇದು ಪಠ್ಯದಲ್ಲಿ ಬರುವ ಸಂಗತಿ, ನಮ್ಮ ಹಿರಿಯರು ಅದನ್ನೇ ನೋಡಿ ಗದ್ದೆ ವಿಂಗಡಿಸಿದ್ದರು.

ಹಾಗಾಗಿ ಒಂದೇ ಇಳಿಜಾರಿನಲ್ಲಿ ಮೇಲಿನಿಂದ ಕೆಳಗಿನ ತನಕ ಮಣ್ಣಿನ ಪದರ ನೋಡಲು ಗುಂಡಿ ತೆಗೆಸಿದೆ. ಮೇಲೆ ಸ್ವಲ್ಪ ಅಗೆದರೆ ಸಾಕು, ಪಿಕ್ಕಾಸಿಗೆ ಮುರಕಲ್ಲು (ಜಂಬಿಟ್ಟಿಗೆ) ತಾಗುತ್ತದೆ. ಕೆಳಗೆ ಬೂದು ಬಣ್ಣದ ಜೇಡಿ, ಅದರಲ್ಲಿ ಬೇರಿನ ಗುಂಟ ತುಕ್ಕಿನ ಗೆರೆ. ವರ್ಷದಲ್ಲಿ ಬಹುಕಾಲ ನೀರು ನಿಲ್ಲುತ್ತದೆ, ಆಮೇಲೆ ಗಾಳಿ ಒಳಗೆ ಹೋಗುತ್ತದೆ ಅಂತ ಆ ಗೆರೆ ಹೇಳುತ್ತದೆ. ಚಿಟಿಕೆ ಮಣ್ಣು ಒದ್ದೆ ಮಾಡಿ ಹೆಬ್ಬೆರಳು, ತೋರುಬೆರಳಿನ ನಡುವೆ ಪಟ್ಟಿ ಎಳೆಯಬೇಕು. ಪಟ್ಟಿ ಉದ್ದ ಬಂದರೆ ಜೇಡಿ ಜಾಸ್ತಿ, ಪುಡಿಯಾದರೆ ಮರಳು ಜಾಸ್ತಿ. ಆಮೇಲೆ ಮನ್ಸೆಲ್ ಬಣ್ಣದ ಪುಸ್ತಕ (ಮಣ್ಣಿನ ಬಣ್ಣಗಳ ಮಾದರಿ ಪಟ್ಟಿ) ಹಿಡಿದು ಮಣ್ಣಿನ ಬಣ್ಣ ಹೋಲಿಸಬೇಕು. ಇದನ್ನು ಲ್ಯಾಬಿಗೆ ಹೋಗುವ ಮೊದಲೇ ಕೈಗೆ ಹತ್ತಿಸಿಕೊಳ್ಳಿ.

ಉಪಗ್ರಹ ಇದೆಯಲ್ಲ, ಗುಂಡಿ ಯಾಕೆ ಅಂತ ಕೇಳುವವರಿದ್ದಾರೆ. ಕರಾವಳಿಯಲ್ಲಿ ಮಳೆಗಾಲ ಪೂರ್ತಿ ಮೋಡ. ಮೋಡ ಸರಿದ ಮೇಲೂ ಸೆಂಟಿನೆಲ್-2 ಉಪಗ್ರಹಕ್ಕೆ ಕಾಣುವುದು ಅಡಿಕೆ ಸೋಗೆ, ತೆಂಗಿನ ಗರಿ. ಅದರ ಅಡಿಯ ಮಣ್ಣು ಕಾಣುವುದಿಲ್ಲ. ಇಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಎತ್ತರದ ನಕ್ಷೆ. ಅದರಿಂದ ಇಳಿಜಾರು, ನೀರು ಸೇರುವ ಜಾಗ ಲೆಕ್ಕ ಹಾಕಿ ಗುಂಡಿಯ ಮಾಹಿತಿ ಜೊತೆ ಕೂಡಿಸಿದೆ.

ರಾಜ್ಯದ ಜಲಾನಯನ ಯೋಜನೆ ಸುಜಲಾ-3ರಲ್ಲಿ ಸರ್ವೆ ನಂಬರ್ ಕಾಣುವ 1:7,920 ಪ್ರಮಾಣದ ಮಣ್ಣಿನ ನಕ್ಷೆ ತಯಾರಾಯಿತು, ಆದರೆ ಅದು ಬಯಲುಸೀಮೆ ಜಿಲ್ಲೆಗಳಲ್ಲೇ ಜಾಸ್ತಿ. ನಮ್ಮ ಕರಾವಳಿಗೂ ಅಷ್ಟೇ ವಿವರದ ನಕ್ಷೆ ಬೇಕು, ಅದಕ್ಕೆ ಈ ಮಣ್ಣು ಗೊತ್ತಿರುವ ಮಕ್ಕಳೇ ಬೇಕು. ಎಂ.ಎಸ್ಸಿ. ಆದವರು ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಕೇಂದ್ರ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐ, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ಪ್ರಾಜೆಕ್ಟ್ ಹುದ್ದೆಗಳ ಪ್ರಕಟಣೆ ನೋಡುತ್ತಿರಿ. ಸಂದರ್ಶನಕ್ಕೆ ಹೋಗುವಾಗ ನೀವೇ ಬರೆದ ಗುಂಡಿಯ ವಿವರ, ನೀವೇ ಮಾಡಿದ ನಕ್ಷೆ ಒಂದಾದರೂ ಕೈಯಲ್ಲಿರಲಿ.