ಬರವಣಿಗೆಗೆ ತೊಡಗುವವರಿಗೆ: ಜೊತೆಗಿರಬೇಕಾದ ಸಾಧನಗಳು, ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು

ಹೊಸದಾಗಿ ಬರೆಯಲು ತೊಡಗಿದವರಲ್ಲಿ ಹೆಚ್ಚಿನವರು ಎಡವುವುದು ಬರೆಯುವಾಗಲೇ ತಿದ್ದಲು ಹೋಗಿ. ಮೊದಲ ಸಾಲು ಮನಸ್ಸಿಗೆ ಒಪ್ಪಿದ ಹೊರತು ಎರಡನೆಯದಕ್ಕೆ ಕೈಹಾಕುವುದಿಲ್ಲವೆಂದು ಹಟ ಹಿಡಿದು, ಅದನ್ನೇ ಹೊಡೆದುಹಾಕುತ್ತ, ಮತ್ತೆ ಬರೆಯುತ್ತ ಕುಳಿತರೆ, ಹೇಳಬೇಕೆಂದುಕೊಂಡಿದ್ದ ಸಂಗತಿಯೇ ಕೈತಪ್ಪಿ ಹೋಗುತ್ತದೆ. ಕರಡು ಬರೆಯುವ ಹೊತ್ತು ಬೇರೆ, ತಿದ್ದುವ ಹೊತ್ತು ಬೇರೆ ಎಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಇಲ್ಲಿ ಹೇಳಹೊರಟಿರುವ ಸಾಧನಗಳೂ ಅಭ್ಯಾಸಗಳೂ ಬಹುಮಟ್ಟಿಗೆ ಈ ಎರಡು ಕೆಲಸಗಳು ಒಂದರ ಕಾಲನ್ನೊಂದು ತುಳಿಯದಂತೆ ನೋಡಿಕೊಳ್ಳಲು ನೆರವಾಗುವಂಥವು.

ಮೊದಲ ಸಾಧನ ಟಿಪ್ಪಣಿ ಪುಸ್ತಕ. ಅದು ಜೇಬಿನಲ್ಲಿ ಹಿಡಿಸುವಂತಿರಬೇಕು. ಮೊಬೈಲ್‌ನ ನೋಟ್ಸ್ ಆ್ಯಪ್ ಆದರೂ ನಡೆಯುತ್ತದೆ. ಅದರಲ್ಲಿ ಏನನ್ನು ಬರೆದಿಡುತ್ತೇವೆ ಎಂಬುದೇ ಮುಖ್ಯ. ‘ಒಂಟಿತನದ ಬಗ್ಗೆ ಒಂದು ಕಥೆ’ ಎಂದು ಬರೆದಿಟ್ಟರೆ ತಿಂಗಳ ನಂತರ ಅದರಿಂದ ಯಾವ ಉಪಯೋಗವೂ ಆಗುವುದಿಲ್ಲ. ‘ಬಸ್ಸಿನಲ್ಲಿ ವೃದ್ಧರೊಬ್ಬರು ಪಕ್ಕದ ಖಾಲಿ ಸೀಟಿನ ಮೇಲೆ ಕೈಚೀಲ ಇಟ್ಟುಕೊಂಡಿದ್ದರು, ಯಾರಾದರೂ ಹತ್ತಿದಾಗಲೆಲ್ಲ ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಬಂದವರ ಮುಖ ನೋಡುತ್ತಿದ್ದರು’ ಎಂದು ಬರೆದಿಟ್ಟರೆ, ಕಥೆಯ ಅರ್ಧ ಕೆಲಸ ಅಲ್ಲಿಯೇ ಮುಗಿದಿರುತ್ತದೆ. ಕಂಡದ್ದನ್ನೂ ಕೇಳಿದ ಮಾತನ್ನೂ ಇದ್ದಂತೆಯೇ, ದಿನಾಂಕ ಸಹಿತ ದಾಖಲಿಸಿ, ವಾರಕ್ಕೊಮ್ಮೆ ಎಲ್ಲವನ್ನೂ ಓದಿ, ಒಂದಕ್ಕೊಂದು ಹೊಂದುವ ಟಿಪ್ಪಣಿಗಳನ್ನು ಜೋಡಿಸಿಡಬೇಕು. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಹೀಗೆ ಸುಮಾರು 90,000 ಚೀಟಿಗಳನ್ನು ಕೂಡಿಹಾಕಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಒಂದು ಚೀಟಿಯಲ್ಲಿ ಇನ್ನೊಂದರ ಸಂಖ್ಯೆಯನ್ನು ಗುರುತು ಹಾಕುತ್ತ ಹೋದರು. ಅವರ ವಿಪುಲ ಬರವಣಿಗೆಗೆ ಆ ಸಂಗ್ರಹವೇ ಆಧಾರವಾಗಿತ್ತು. ಲೇಖನ, ಪ್ರಬಂಧಗಳ ಕಡೆಗೆ ಒಲವಿರುವವರಿಗೆ ಈ ಕ್ರಮ ಬಹಳ ಒಗ್ಗುತ್ತದೆ.

ಎರಡನೆಯದು ಹೊತ್ತು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆ್ಯಂಟನಿ ಟ್ರೊಲೋಪ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಬೆಳಗ್ಗೆ 5.30ಕ್ಕೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದರು. ಅಷ್ಟು ವೇಗ ಹೊಸಬರಿಗೆ ಬೇಕಿಲ್ಲ, ಆದರೆ ನಿಗದಿತ ವೇಳೆಗೆ ಕುಳಿತುಕೊಳ್ಳುವ ಅವರ ನಿಷ್ಠೆ ಬೇಕು. ದಿನಕ್ಕೆ ಅರ್ಧ ಗಂಟೆ ಅಥವಾ 200 ಪದಗಳೆಂದು ಗುರಿ ಇಟ್ಟುಕೊಂಡು, ಆ ಅವಧಿಯಲ್ಲಿ ಫೋನನ್ನು ಬೇರೆ ಕೋಣೆಯಲ್ಲಿಟ್ಟರೆ ಸಾಕು. ಮುಂದಿನ ವಾಕ್ಯ ಏನೆಂದು ತಿಳಿದಿರುವಾಗಲೇ ಆ ದಿನದ ಬರವಣಿಗೆಯನ್ನು ನಿಲ್ಲಿಸುವುದು ಒಳ್ಳೆಯದು. ಬತ್ತಿಹೋಗುವವರೆಗೆ ಬರೆದವರಿಗೆ ಮರುದಿನ ಎಲ್ಲಿಂದ ಶುರುಮಾಡಬೇಕೆಂದು ತೋಚುವುದಿಲ್ಲ.

ಕರಡು ಬರೆಯುವಾಗ ಯಾವುದೋ ಇಸವಿ, ಊರಿನ ಹೆಸರು, ಸರಿಯಾದ ಪದ ನೆನಪಾಗದಿದ್ದರೆ ಹುಡುಕಲು ಏಳಬಾರದು. ಆ ಜಾಗದಲ್ಲಿ ‘××’ ಎಂಬ ಗುರುತು ಹಾಕಿ ಮುಂದಕ್ಕೆ ಹೋಗಬೇಕು. ಬರೆದು ಮುಗಿದ ಮೇಲೆ ಆ ಗುರುತನ್ನು ಹುಡುಕಿ, ಖಾಲಿ ಬಿಟ್ಟಲ್ಲೆಲ್ಲ ತುಂಬಿಕೊಳ್ಳಬಹುದು.

ಕಂಪ್ಯೂಟರಿನಲ್ಲಿ ಬರೆಯುವವರು, ಎಲ್ಲ ಸಾಧನಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿಯೇ ಬರೆಯುವುದು ಕ್ಷೇಮ. ಹಳೆಯ ಫಾಂಟ್‌ಗಳಲ್ಲಿ ಬರೆದ ಕಡತವು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತದೆ, ಅದರೊಳಗೆ ಕನ್ನಡ ಪದವನ್ನು ಹುಡುಕಲೂ ಆಗುವುದಿಲ್ಲ. ಬರೆಯಲು ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಅಥವಾ ಗೂಗಲ್ ಡಾಕ್ಸ್ ಧಾರಾಳವಾಗಿ ಸಾಕು. ಗೂಗಲ್ ಡಾಕ್ಸ್‌ನಲ್ಲಿ ಹಿಂದಿನ ಆವೃತ್ತಿಗಳೂ ಉಳಿದಿರುವುದರಿಂದ, ಅಳಿಸಿದ ಪ್ಯಾರಾ ಮತ್ತೆ ಬೇಕೆನಿಸಿದರೆ ಹಿಂದಕ್ಕೆ ಹೋಗಿ ತೆಗೆದುಕೊಳ್ಳಬಹುದು. ಈ ಅನುಕೂಲ ಇರುವಾಗ ಧೈರ್ಯವಾಗಿ ಕತ್ತರಿ ಆಡಿಸಲು ಸಾಧ್ಯವಾಗುತ್ತದೆ. ಕಡತದ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಮನೆಯಿಂದ ಹೊರಗೆ ಅಥವಾ ಕ್ಲೌಡ್‌ನಲ್ಲಿರಲಿ.

ನಿಘಂಟು ತಿದ್ದುವ ಹೊತ್ತಿನ ಸಂಗಾತಿ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಇಂಟರ್‌ನೆಟ್‌ನಲ್ಲಿ ಮುಕ್ತವಾಗಿ ಸಿಗುವ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು, ಇವುಗಳಲ್ಲಿ ಒಂದಾದರೂ ಹತ್ತಿರದಲ್ಲಿರಬೇಕು. ಆದರೆ ಅಪರೂಪದ ಪದಕ್ಕಾಗಿ ಅಲ್ಲ. ಚೆನ್ನಾಗಿ ಗೊತ್ತೆಂದುಕೊಂಡ ಪದಕ್ಕೆ ನಾವಂದುಕೊಂಡ ಅರ್ಥವೇ ಇದೆಯೇ ಎಂದು ಖಾತ್ರಿಪಡಿಸಿಕೊಳ್ಳುವುದಕ್ಕಾಗಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಸಲ್ಲಬೇಕಾದದ್ದು ತಿದ್ದುವ ಕೆಲಸಕ್ಕೆ. ಕರಡನ್ನು ಕೆಲವು ದಿನ ಮುಟ್ಟದೆ ಬಿಟ್ಟು, ಆಮೇಲೆ ಕಾಗದದ ಮೇಲೆ ಮುದ್ರಿಸಿಕೊಂಡು ಗಟ್ಟಿಯಾಗಿ ಓದಬೇಕು. ನಾಲಿಗೆ ತಡವರಿಸಿದ ಕಡೆ, ಉಸಿರು ಸಾಲದೆ ಹೋದ ಕಡೆ ಪೆನ್ಸಿಲಿನಿಂದ ಗೆರೆ ಎಳೆದು, ನಿಲ್ಲದೆ ಕೊನೆಯವರೆಗೂ ಓದಬೇಕು. ನಂತರ ಇಡೀ ಬರಹದ ಕ್ರಮ, ಆಮೇಲೆ ಪ್ಯಾರಾಗಳು, ಆಮೇಲೆ ವಾಕ್ಯಗಳು, ಕಟ್ಟಕಡೆಗೆ ಕಾಗುಣಿತ ಎಂಬ ಅನುಕ್ರಮದಲ್ಲಿ ತಿದ್ದಬೇಕು. ನಾಳೆ ತೆಗೆದುಹಾಕಲಿರುವ ಪ್ಯಾರಾದ ಒತ್ತಕ್ಷರವನ್ನು ಇಂದು ಸರಿಪಡಿಸುವುದು ವ್ಯರ್ಥ ಶ್ರಮ.

ಒಂದು ವಾಕ್ಯವನ್ನು ಹಿಡಿದು ನೋಡೋಣ: ‘ಅವನಿಂದ ಆ ಪತ್ರವು ಓದಲ್ಪಟ್ಟಿತು ಮತ್ತು ಅವನ ಮನಸ್ಸಿನಲ್ಲಿ ತೀವ್ರವಾದ ದುಃಖದ ಭಾವನೆಯು ಉಂಟಾಯಿತು.’ ಗಟ್ಟಿಯಾಗಿ ಓದಿದೊಡನೆ ‘ಓದಲ್ಪಟ್ಟಿತು’ ಎಂಬಲ್ಲಿ ಕಿವಿ ತಕರಾರು ಎತ್ತುತ್ತದೆ. ಕನ್ನಡದಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. ‘ಪತ್ರ ಓದಿ ಅವನಿಗೆ ತುಂಬ ದುಃಖವಾಯಿತು’ ಎಂದರೆ ಭಾಷೆ ಸರಿಹೋಯಿತು, ಆದರೆ ದುಃಖವಿನ್ನೂ ಲೇಖಕರ ಹೇಳಿಕೆಯಾಗಿಯೇ ಉಳಿಯಿತು. ‘ಅವನು ಪತ್ರ ಓದಿ, ಮಡಿಸಿ ಜೇಬಿಗಿಟ್ಟುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತೆಗೆದು, ಕೊನೆಯ ಸಾಲನ್ನಷ್ಟೇ ಓದಿದ’ ಎಂದಾಗ ದುಃಖವೆಂಬ ಪದವೇ ಇಲ್ಲದೆ ಓದುಗರಿಗೆ ಅದು ತಟ್ಟುತ್ತದೆ. ಎಲ್ಲ ವಾಕ್ಯಗಳಿಗೂ ಇಷ್ಟು ಶ್ರಮ ಬೇಕಿಲ್ಲ. ಬರಹದ ಭಾರವನ್ನು ಹೊತ್ತಿರುವ ನಾಲ್ಕಾರು ವಾಕ್ಯಗಳಿಗಂತೂ ಖಂಡಿತ ಬೇಕು.

ಹೀಗೆ ತಿದ್ದಿದ ಬರಹವನ್ನು ನಂಬಿಕೆಯ ಒಬ್ಬರಿಗೆ ಓದಲು ಕೊಡಬೇಕು. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಮಾತ್ರ ಬರುತ್ತದೆ. ಅದರ ಬದಲು, ಎಲ್ಲಿ ಓದು ನಿಧಾನವಾಯಿತು, ಯಾವ ಸಾಲನ್ನು ಎರಡು ಸಲ ಓದಬೇಕಾಯಿತು, ಯಾವ ಪ್ಯಾರಾವನ್ನು ದಾಟಿ ಹೋಗಬೇಕೆನಿಸಿತು ಎಂದು ಕೇಳಬೇಕು. ಅವರು ಹೇಳುವಾಗ ಸಮರ್ಥನೆಗೆ ಇಳಿಯದೆ ಪ್ರತಿಯ ಅಂಚಿನಲ್ಲಿ ಗುರುತು ಹಾಕಿಕೊಂಡು, ಒಂದು ದಿನ ಬಿಟ್ಟು ಆ ಗುರುತುಗಳನ್ನು ಎದುರಿಗಿಟ್ಟುಕೊಂಡು ಮತ್ತೊಮ್ಮೆ ತಿದ್ದಲು ಕುಳಿತುಕೊಳ್ಳಬೇಕು.