ಕಾರ್ಬೊರೇಟರ್ ಸೋರುತ್ತಿದೆಯೇ? ಮೊದಲು ಜಾಗ ಹುಡುಕಿ

ಕಲಬುರಗಿಯ ಬಿಸಿಲಿಗೆ ನೆಲಕ್ಕೆ ಬಿದ್ದ ಪೆಟ್ರೋಲ್ ಕ್ಷಣದಲ್ಲಿ ಆರಿಹೋಗುತ್ತದೆ. ಗಾಡಿ ಸೋರುವುದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. 2020ರಲ್ಲಿ ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬೊರೇಟರ್ ಬದಲು ಹೊಸ ಬೈಕುಗಳಿಗೆ ಬಹುತೇಕ ಇಂಜೆಕ್ಷನ್ ಬಂತು. ಆದರೆ ಆಳಂದ, ಜೇವರ್ಗಿ ರಸ್ತೆಯಲ್ಲಿ ಕಾರ್ಬೊರೇಟರ್ ಇರುವ ಹಳೆಯ ಸ್ಪ್ಲೆಂಡರ್‌ಗಳಿಗೇನು ಕಡಿಮೆಯೇ?

ಸೋರಿತು ಅಂತ ಕಾರ್ಬೊರೇಟರನ್ನೇ ಬದಲಿಸಬೇಡಿ. ಎಂಜಿನ್ ತಣ್ಣಗಾಗಲಿ. ಗಾಡಿಯನ್ನು ಬಯಲಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಸೈಡ್ ಸ್ಟ್ಯಾಂಡ್‌ನಲ್ಲಿ ವಾಲಿದಾಗ ಒಳ್ಳೆಯ ಕಾರ್ಬೊರೇಟರ್ ಕೂಡ ಕೆಲವೊಮ್ಮೆ ತೊಟ್ಟಿಕ್ಕುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ. ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಬಂದ್ ಮಾಡಿ, ಎಲ್ಲವನ್ನೂ ಬಟ್ಟೆಯಿಂದ ಒರೆಸಿ. ಆಮೇಲೆ ಕಾಕ್ ತೆರೆದು ಸುಮ್ನೆ ನೋಡುತ್ತಾ ಕೂರಿ.

ಟ್ಯಾಂಕಿನಿಂದ ಬರುವ ಪೈಪಿನ ತುದಿ ಒದ್ದೆಯಾದರೆ ರಬ್ಬರ್ ಬಿರುಕು ಬಿಟ್ಟಿದೆ. ಹೊಸ ಪೈಪ್, ಹೊಸ ಕ್ಲಿಪ್ ಹಾಕಿ. ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನ ಅಂಚಿನಲ್ಲಿ ಒಸರಿದರೆ ಅಲ್ಲಿನ ರಬ್ಬರ್ ರಿಂಗ್ ಹೋಗಿದೆ. ಅದಕ್ಕೆ ಎಂ-ಸೀಲ್ ಮೆತ್ತುವುದು ವ್ಯರ್ಥ. ಸ್ಕ್ರೂ ಜೋರಾಗಿ ತಿರುಗಿಸಿದರೆ ಸ್ಕ್ರೂ ಕೂರುವ ತೂತಿನ ಎಳೆಯೇ (ಥ್ರೆಡ್) ಕಿತ್ತುಬರುತ್ತದೆ.

ಕೆಳಗಿನ ಸಣ್ಣ ಓವರ್‌ಫ್ಲೋ ಪೈಪಿನಿಂದ ಹನಿ ಬೀಳುತ್ತಿದೆಯೇ? ಜಾಸ್ತಿ ಗಾಡಿಗಳ ರೋಗ ಇದೇ. ಮನೆಯ ನೀರಿನ ಟ್ಯಾಂಕಿಗೆ ಬಾಲ್ ವಾಲ್ವ್ ಇರುತ್ತದಲ್ವಾ, ಇಲ್ಲಿಯೂ ಹಾಗೆ: ಬಟ್ಟಲೊಳಗೆ ತೇಲುವ ಫ್ಲೋಟ್ ಮೇಲೇರಿದಾಗ ನೀಡಲ್ (ಸೂಜಿ) ಪೆಟ್ರೋಲ್ ಬರುವ ಬಾಯಿ ಮುಚ್ಚಬೇಕು. ನಡುವೆ ಕಸ ಸಿಕ್ಕಿದರೆ ಮುಚ್ಚುವುದಿಲ್ಲ. ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ಬಟ್ಟಲಿಗೆ ಮೆಲ್ಲಗೆ ತಟ್ಟಿ. ಡ್ರೇನ್ ಸ್ಕ್ರೂ ಸಡಿಲಿಸಿ ಒಂದಿಷ್ಟು ಪೆಟ್ರೋಲನ್ನು ಡಬ್ಬಿಗೆ ಬಿಡಿ, ಕಸವೂ ಹೊರಬರುತ್ತದೆ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ನಿಲ್ಲದಿದ್ದರೆ ಕಾಕ್ ಬಂದ್ ಮಾಡಿ ಬಟ್ಟಲು ಬಿಚ್ಚಿ. ಫ್ಲೋಟ್ ಪಿನ್ ಹುಷಾರಾಗಿ ಎಳೆದು ನೀಡಲ್ ತೆಗೆಯಿರಿ. ತುದಿಯಲ್ಲಿ ಉಂಗುರದಂತೆ ಸವೆದ ಗೆರೆ ಕಂಡರೆ ಬದಲಿಸಿ. ನೀಡಲ್ ಕೂರುವ ಜಾಗವನ್ನು ತಂತಿಯಿಂದ ಕೆರೆಯದೆ, ಕಾರ್ಬೊರೇಟರ್ ಕ್ಲೀನರ್ ಹಾಕಿ ಮೆತ್ತನೆಯ ಬಟ್ಟೆಯಿಂದ ಒರೆಸಿ. ಫ್ಲೋಟ್ ಅಲುಗಾಡಿಸಿ, ಒಳಗೆ ಪೆಟ್ರೋಲ್ ಸದ್ದು ಕೇಳಿದರೆ ಅದು ತೂತಾಗಿದೆ, ಅದನ್ನೂ ಬದಲಿಸಿ. ಹೊಸ ನೀಡಲ್ ಹಾಕಿದರೂ ಟ್ಯಾಂಕಿನಲ್ಲಿ ತುಕ್ಕು ಇದ್ದರೆ ಮತ್ತೆ ಅದೇ ಕಥೆ. ಟ್ಯಾಂಕ್ ತೊಳೆಸಿ, ಪೈಪಿಗೆ ಫಿಲ್ಟರ್ ಹಾಕಿ.

ರಾತ್ರಿಯಿಡೀ ಸೋರಿದ್ದರೆ ಪೆಟ್ರೋಲ್ ಎಂಜಿನ್ ಒಳಗಿಳಿದು ಆಯಿಲ್‌ಗೆ ಬೆರೆತಿರಬಹುದು; ಕಿಕ್ ಹೊಡೆಯುವ ಮುನ್ನ ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಸೋರಿಕೆ ನಿಲ್ಲಿಸಿ, ಎಂಜಿನ್ ಆಯಿಲ್ ಬದಲಿಸಿದ ಮೇಲಷ್ಟೇ ಗಾಡಿ ಚಾಲೂ ಮಾಡಿ.